ಮನೆ ದುರಸ್ತಿಯ ಬಿಲ್ಲು ಕೈಗೆ ಬಂದಾಗ

ಅಮೀನಗಡದ ಪೇಟೆಯಲ್ಲಿ ಕರದಂಟು ಕೊಳ್ಳುವಾಗ ನಾವು ಎಷ್ಟೊಂದು ಜಾಗರೂಕರಾಗಿರುತ್ತೇವೆ ನೋಡಿ. ಡಬ್ಬಿಯ ಮೇಲಿನ ತೂಕ ಓದುತ್ತೇವೆ, ಬೆಲೆ ಕೇಳುತ್ತೇವೆ, ತಯಾರಿಸಿದ ತಾರೀಖು ಹುಡುಕುತ್ತೇವೆ. ಗೋಡಂಬಿ ಕಡಿಮೆಯಾಗಿ ಕೊಬ್ಬರಿಯೇ ಹೆಚ್ಚಾಗಿದ್ದರೆ ಅಂಗಡಿಯವರಿಗೆ ಮುಖದ ಮೇಲೆಯೇ ಹೇಳುತ್ತೇವೆ. ಅರ್ಧ ಕಿಲೋ ಸಿಹಿಗೆ ಇಷ್ಟು ವಿಚಾರಿಸುವ ನಾವೇ ಒಂದು ಲಕ್ಷ ರೂಪಾಯಿಯ ಬಚ್ಚಲುಮನೆ ಕೆಲಸವನ್ನು ಮಾತ್ರ ಒಂದೇ ಮಾತಿನಲ್ಲಿ ಒಪ್ಪಿಸಿಬಿಡುತ್ತೇವೆ. "ಮೊದಲ ಕೆಲಸ ಮುಗೀಲಿ ಅಕ್ಕಾರ, ಲೆಕ್ಕ ಆಮ್ಯಾಲೆ ನೋಡೋಣ್ರಿ" ಎಂದು ಗೌಂಡಿ ಹೇಳುತ್ತಾನೆ. ನಾವು ತಲೆಯಾಡಿಸುತ್ತೇವೆ. ಕೆಲಸ ಮುಗಿಯುತ್ತದೆ. ಲೆಕ್ಕವೂ ಬರುತ್ತದೆ. ಆಗ ಮನೆಯ ನೆಮ್ಮದಿ ಹೋಗುತ್ತದೆ.

ಬಾಗಲಕೋಟೆ ಜಿಲ್ಲೆಯಲ್ಲಿ ಮನೆ ಕಟ್ಟುವ, ಬಿದ್ದದ್ದನ್ನು ಮತ್ತೆ ಎಬ್ಬಿಸುವ ಕೆಲಸ ನಿಂತದ್ದೇ ಇಲ್ಲ. ಆಲಮಟ್ಟಿಯ ಹಿನ್ನೀರಿಗೆ ಮನೆ ಕಳೆದುಕೊಂಡವರು ಬಾಗಲಕೋಟೆಯ ನವನಗರದಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡರು. 2009ರಲ್ಲಿ ಮತ್ತು 2019ರಲ್ಲಿ ನೆರೆ ಬಂದು ಹೋದ ಮೇಲೆ ಬಾದಾಮಿ, ಹುನಗುಂದ ಭಾಗದ ಮಲಪ್ರಭೆಯ ದಂಡೆಯ ಊರುಗಳಲ್ಲಿ ಗೋಡೆ ಕುಸಿಯದ ಓಣಿ ಕಡಿಮೆ. ಹಳೆಯ ಮಣ್ಣಿನ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸುವವರು, ಹಿತ್ತಲಿನಲ್ಲಿ ಶೌಚಾಲಯ ಕಟ್ಟಿಸುವವರು, ಮಗಳ ಮದುವೆಗೆ ಮುಂಚೆ ಬಣ್ಣ ಹೊಡೆಸುವವರು ಪ್ರತಿ ಊರಿನಲ್ಲಿದ್ದಾರೆ. ಇಂಥ ಮನೆಗಳಲ್ಲಿ ಅನೇಕ ಕಡೆ ಗಂಡಸರು ಮಂಗಳೂರು, ಗೋವಾ, ಬೆಂಗಳೂರು ಎಂದು ದುಡಿಯಲು ಹೋಗಿರುತ್ತಾರೆ. ಬೆಳಗಿನಿಂದ ಸಂಜೆಯ ತನಕ ಕೆಲಸದ ಮೇಲೆ ಕಣ್ಣಿಟ್ಟವಳು, ಸಿಮೆಂಟಿನ ಚೀಲ ಎಣಿಸಿದವಳು, ಗೋಡೆಗೆ ನೀರು ಹೊಡೆದವಳು, ಕೆಲಸದವರಿಗೆ ಚಹಾ ಕೊಟ್ಟವಳು ಗೃಹಿಣಿ. ಆದರೆ ಲೆಕ್ಕದ ಮಾತು ಬಂದ ಕೂಡಲೇ "ಮನೆಯವ್ರು ಬರ್ಲಿ, ಅವ್ರ ಕೂಡ ಮಾತಾಡ್ತೀನ್ರಿ" ಎಂಬ ಉತ್ತರ ಬರುತ್ತದೆ. ಏನೂ ನೋಡದವರು ಬಂದು ಎಲ್ಲವನ್ನೂ ನೋಡಿದವಳ ಪರವಾಗಿ ಲೆಕ್ಕ ಮಾಡುತ್ತಾರೆ!

ಕಾನೂನು ಹೀಗೆ ಹೇಳುವುದಿಲ್ಲ. ಅದನ್ನೇ ಮೊದಲು ತಿಳಿಯೋಣ.

ದುಡ್ಡು ಕೊಟ್ಟವರು ಅವರು, ದೂರು ಕೊಡುವವಳು ನಾನೇ?

ಹೌದು, ನೀವೂ ಕೊಡಬಹುದು. ನಮ್ಮ ದೇಶದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಮೊದಲು ಬಂದದ್ದು 1986ರಲ್ಲಿ. ಅದರ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಹಣ ಕೊಟ್ಟು ಸೇವೆ ಪಡೆದವರು ಮಾತ್ರ ಗ್ರಾಹಕರಲ್ಲ, ಅವರ ಒಪ್ಪಿಗೆಯಿಂದ ಆ ಸೇವೆಯ ಪ್ರಯೋಜನ ಪಡೆಯುವವರೂ ಗ್ರಾಹಕರೇ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಗೋವಾದಲ್ಲಿರುವ ಪತಿ ಹಣ ಕಳಿಸಿ ಮಾಡಿಸಿದ ಕೆಲಸದ ಬಗ್ಗೆ ಅಮೀನಗಡದಲ್ಲಿರುವ ಪತ್ನಿ ದೂರು ಕೊಡಬಹುದು. ಗ್ರಾಹಕ ತೀರಿಕೊಂಡಿದ್ದರೆ ಅವರ ವಾರಸುದಾರರು ಕೊಡಬಹುದು. ಪೂರ್ತಿ ಹಣ ಕೊಟ್ಟಿರಲೇಬೇಕೆಂದೂ ಇಲ್ಲ. ಸ್ವಲ್ಪ ಕೊಟ್ಟು ಉಳಿದದ್ದನ್ನು ಕೊಡುತ್ತೇನೆಂದು ಒಪ್ಪಿಕೊಂಡಿದ್ದರೂ ನೀವು ಗ್ರಾಹಕರೇ.

ವ್ಯಾಪಾರದ ಉದ್ದೇಶಕ್ಕಾಗಿ ಮಾಡಿಸಿದ ಕೆಲಸಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ನೀವು ಕೇಳಿರಬಹುದು. ಅದು ನಿಜ, ಆದರೆ ಅದಕ್ಕೊಂದು ವಿನಾಯಿತಿ ಇದೆ. ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲಿಕ್ಕಾಗಿಯೇ ಕೊಂಡು ಬಳಸುವ ವಸ್ತು ವ್ಯಾಪಾರದ ಲೆಕ್ಕಕ್ಕೆ ಬರುವುದಿಲ್ಲ. ಇಳಕಲ್ಲಿನ ನೇಕಾರ ಕುಟುಂಬವೊಂದು ಮಗ್ಗದ ಕೋಣೆಯ ಸೂರು ರಿಪೇರಿ ಮಾಡಿಸಿದರೆ, ಮನೆಯಲ್ಲೇ ಹೊಲಿಗೆ ಮಾಡುವ ಹೆಣ್ಣುಮಗಳು ಆ ಕೋಣೆಗೆ ವೈರಿಂಗ್ ಮಾಡಿಸಿದರೆ, ಅವರೂ ಈ ಕಾಯ್ದೆಯ ಆಸರೆ ಕೇಳಿ ನೋಡಬಹುದು.

ಮನೆ ಕಟ್ಟುವ ಕೆಲಸ 'ಸೇವೆ' ಹೌದೋ ಅಲ್ಲವೋ ಎಂಬ ಚರ್ಚೆ ಒಂದು ಕಾಲದಲ್ಲಿ ನಡೆದಿತ್ತು. ಲಖನೌ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತಾ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1993ರ ನವೆಂಬರಿನಲ್ಲಿ ಅದಕ್ಕೆ ತೆರೆ ಎಳೆಯಿತು. ಕೆಲಸ ಪೂರ್ತಿಯಾಗದ ಮನೆಯ ಬಗ್ಗೆ ಒಬ್ಬ ಸಾಮಾನ್ಯ ಗ್ರಾಹಕ ಸರಕಾರಿ ಪ್ರಾಧಿಕಾರದ ಮೇಲೆಯೇ ಹೂಡಿದ್ದ ದಾವೆ ಅದು. ಮನೆ ನಿರ್ಮಾಣವೂ ಸೇವೆಯೇ, ಅದರಲ್ಲಿನ ಕೊರತೆಗೆ ಪರಿಹಾರ ಕೇಳಬಹುದು ಎಂದು ನ್ಯಾಯಾಲಯ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು 'ಗೃಹ ನಿರ್ಮಾಣ' ಎಂಬ ಶಬ್ದವನ್ನೂ ಸೇರಿಸಲಾಯಿತು. 2019ರ ಕಾಯ್ದೆಯಲ್ಲಿಯೂ ಅದಿದೆ.

ಪಗಾರದ ಕೆಲಸ, ಗುತ್ತಿಗೆಯ ಕೆಲಸ

ನಮ್ಮ ಕಡೆ ಕೆಲಸ ಕೊಡುವ ರೀತಿ ಎರಡು. ದಿನಕ್ಕಿಷ್ಟು ಎಂದು ಪಗಾರದ ಮೇಲೆ ಗೌಂಡಿ ಮತ್ತು ಆಳುಗಳನ್ನು ಕರೆಯುವುದು ಒಂದು. ಇಡೀ ಕೆಲಸಕ್ಕೆ ಇಷ್ಟು ಎಂದು ಗುತ್ತಿಗೆ ಕೊಡುವುದು ಇನ್ನೊಂದು. ಎರಡೂ ಒಂದೇ ಎಂದು ನಾವು ಭಾವಿಸುತ್ತೇವೆ. ಆದರೆ ತಕರಾರು ಬಂದಾಗ ಎರಡರ ನಡುವೆ ಬಹಳ ಅಂತರ ಕಾಣಿಸುತ್ತದೆ.

'ವೈಯಕ್ತಿಕ ಸೇವೆಯ ಕರಾರು', ಅಂದರೆ ಯಜಮಾನ ಮತ್ತು ಆಳಿನ ಸಂಬಂಧವನ್ನು ಗ್ರಾಹಕ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ವೈದ್ಯರ ಸೇವೆಯ ಬಗ್ಗೆ 1995ರಲ್ಲಿ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟು ಈ ವ್ಯತ್ಯಾಸವನ್ನು ವಿವರಿಸಿದೆ. ನೀವು ಹೇಳಿದಂತೆ, ನೀವು ಹೇಳಿದ ರೀತಿಯಲ್ಲಿ, ನಿಮ್ಮ ಉಸ್ತುವಾರಿಯಲ್ಲಿ ದುಡಿಯುವವನು ಆಳು. ತನ್ನ ಕುಶಲತೆಯಿಂದ, ತನ್ನ ಜವಾಬ್ದಾರಿಯಲ್ಲಿ ಕೆಲಸ ಮಾಡಿಕೊಡುವವನು ಸೇವೆ ಒದಗಿಸುವವನು. ಆದ್ದರಿಂದ ಸಿಮೆಂಟು, ಉಸುಕು, ಇಟ್ಟಿಗೆ ಎಲ್ಲವನ್ನೂ ನೀವೇ ತರಿಸಿ, ದಿನಗೂಲಿಯ ಮೇಲೆ ಗೌಂಡಿಯನ್ನು ನಿಲ್ಲಿಸಿ, "ಇಲ್ಲಿ ಕಟ್ಟು, ಅಲ್ಲಿ ಒಡಿ" ಎಂದು ಮಾಡಿಸಿದ್ದರೆ, ನಾನು ಬರೀ ಕೂಲಿಯವನು, ನನ್ನ ಮೇಲೆ ಗ್ರಾಹಕ ದೂರು ನಡೆಯುವುದಿಲ್ಲ ಎಂದು ಆತ ವಾದಿಸಬಹುದು. ಆ ವಾದದಲ್ಲಿ ತಿರುಳೂ ಇದೆ. ಗುತ್ತಿಗೆಯಲ್ಲಿ ಇಂಥ ತೊಡಕು ಕಡಿಮೆ.

ಪಗಾರದ ಕೆಲಸದಲ್ಲಿ ನಿಮ್ಮ ರಕ್ಷಣೆ ಏನಿದ್ದರೂ ಹಾಜರಿ ಪುಸ್ತಕವೇ. ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ತಾರೀಖು, ಎಷ್ಟು ಗೌಂಡಿ, ಎಷ್ಟು ಗಂಡಾಳು, ಎಷ್ಟು ಹೆಣ್ಣಾಳು, ಪೂರ್ತಿ ದಿನವೋ ಅರ್ಧ ದಿನವೋ ಎಂದು ಆಯಾ ದಿನವೇ ಬರೆಯಿರಿ. ವಾರದ ಬಟವಾಡೆ ಮಾಡುವಾಗ ಅದರ ಕೆಳಗೆ ಅವನ ಸಹಿಯನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಳ್ಳಿ. ಹಾಜರಿ ಬರೆಯಲು ಕಾನೂನು ಓದಿರಬೇಕಿಲ್ಲ.

ಒಂದು ಲೆಕ್ಕವನ್ನು ಬಿಡಿಸಿ ನೋಡೋಣ

ಬಿಲ್ಲು ನೋಡಿ ಸಿಟ್ಟು ಬಂದಾಗ "ಒಂದು ಪೈಸೆಯನ್ನೂ ಕೊಡುವುದಿಲ್ಲ" ಎನ್ನುವುದು ಸುಲಭ. ಅದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಒಂದು ಉದಾಹರಣೆ ತೆಗೆದುಕೊಳ್ಳಿ. ಇದರಲ್ಲಿನ ದರಗಳು ಲೆಕ್ಕ ತಿಳಿಯಲಿಕ್ಕಷ್ಟೇ.

ಹಿತ್ತಲಿನ ಬಚ್ಚಲು ಮತ್ತು ಶೌಚಾಲಯವನ್ನು ಸಾಮಗ್ರಿ ಸಹಿತ 90,000 ರೂಪಾಯಿಗೆ ಗುತ್ತಿಗೆ ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಕೆಲಸ ನಡೆಯುತ್ತಿದ್ದಂತೆ 60,000 ಕೊಟ್ಟಿದ್ದೀರಿ. ಮುಗಿದ ಮೇಲೆ ಬಂದ ಬಿಲ್ಲು 1,24,000. ಹೆಚ್ಚಿನ 34,000 ಎಲ್ಲಿಂದ ಬಂತೆಂದು ಕೇಳಿದರೆ ಮೂರು ಬಾಬತ್ತು ಹೇಳುತ್ತಾನೆ. ಸಿಮೆಂಟು, ಉಸುಕಿನ ದರ ಏರಿದ್ದಕ್ಕೆ 12,000. ಟೈಲ್ಸನ್ನು ನಾಲ್ಕು ಅಡಿಯ ಬದಲು ಏಳು ಅಡಿಯವರೆಗೆ ಹಚ್ಚಿದ್ದಕ್ಕೆ 9,000. ಹೊರಗೋಡೆಗೆ ಗಿಲಾವು ಮಾಡಿದ್ದಕ್ಕೆ 325 ಚದರ ಅಡಿಗೆ 40 ರೂಪಾಯಿಯಂತೆ 13,000.

ಈಗ ಒಂದೊಂದನ್ನೇ ನೋಡಿ. ಸಾಮಗ್ರಿ ಸಹಿತ ಗುತ್ತಿಗೆ ಎಂದ ಮೇಲೆ ದರ ಏರಿದರೆ ನಷ್ಟ ಅವನದು, ಇಳಿದರೆ ಲಾಭವೂ ಅವನದೇ. ದರ ಏರಿದರೆ ಹೆಚ್ಚು ಕೊಡಬೇಕೆಂದು ಮೊದಲೇ ಮಾತಾಗಿರದಿದ್ದರೆ ಆ 12,000 ಕೊಡಬೇಕಾಗಿಲ್ಲ. ಪರಸ್ಪರ ಒಪ್ಪಿದ ದರಕ್ಕಿಂತ ಹೆಚ್ಚು ವಸೂಲಿ ಮಾಡುವುದು ಗ್ರಾಹಕ ದೂರಿಗೆ ಸಾಕಾದ ಕಾರಣ ಎಂದು 2019ರ ಕಾಯ್ದೆಯಲ್ಲೇ ಇದೆ. ಟೈಲ್ಸಿನ ಮಾತು ಬೇರೆ. "ಗೋಡೆಗೆ ನೀರು ಸಿಡಿಯುತ್ತದೆ, ಇನ್ನೂ ಮೇಲಕ್ಕೆ ಹಚ್ಚಿ" ಎಂದು ನೀವೇ ಹೇಳಿದ್ದೀರಿ. ಅದು ನ್ಯಾಯವಾದ ದರವಾಗಿದ್ದರೆ 9,000 ಕೊಡಲೇಬೇಕು. ಇನ್ನು ಹೊರಗೋಡೆಯ ಗಿಲಾವನ್ನು ನೀವು ಹೇಳಿರಲಿಲ್ಲ, ಆದರೆ ಅವನು ಮಾಡುವಾಗ ನೋಡುತ್ತಾ ಸುಮ್ಮನಿದ್ದಿರಿ. 1872ರ ಭಾರತೀಯ ಕರಾರು ಕಾಯ್ದೆಯ 70ನೆಯ ಕಲಮು ಇಂಥ ಸಂದರ್ಭಕ್ಕೇ ಇದೆ. ಒಬ್ಬನು ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ನಿಮಗಾಗಿ ಕೆಲಸ ಮಾಡಿದರೆ, ನೀವು ಅದರ ಲಾಭ ಪಡೆದರೆ, ತಕ್ಕ ಪ್ರತಿಫಲ ಕೊಡಬೇಕು. ಆದರೆ ಟೇಪು ಹಿಡಿದು ನೋಡಿದರೆ ಗೋಡೆ ಇರುವುದು 210 ಚದರ ಅಡಿ! 40 ರೂಪಾಯಿಯಂತೆ ಅದಕ್ಕೆ ಆಗುವುದು 8,400.

ಕೂಡಿಸಿ ನೋಡಿ. 90,000ಕ್ಕೆ 9,000, ಮತ್ತೆ 8,400 ಸೇರಿ 1,07,400. ಕೊಟ್ಟ 60,000 ಕಳೆದರೆ ನೀವು ಕೊಡಬೇಕಾದದ್ದು 47,400. ಅವನು ಕೇಳುತ್ತಿರುವುದು 64,000. ಹಾಗಾದರೆ ನಿಜವಾದ ಜಗಳ 34,000ದ್ದಲ್ಲ, 16,600 ರೂಪಾಯಿಯದು. ಸಿಟ್ಟಿನಲ್ಲಿ ನೋಡಿದಾಗ ಬೆಟ್ಟವಾಗಿದ್ದದ್ದು ಬಿಡಿಸಿ ನೋಡಿದಾಗ ಅರ್ಧಕ್ಕಿಳಿಯಿತು. ಒಪ್ಪಿಗೆಯಿರುವ 47,400ನ್ನು ತಡಮಾಡದೆ ಕೊಟ್ಟುಬಿಡಿ, ರಸೀದಿ ಪಡೆಯಿರಿ. ದುಡಿದವನ ಕೂಲಿಯನ್ನು ಹಿಡಿದಿಡಬಾರದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಅದಲ್ಲದೆ ನಾಳೆ ಆಯೋಗದ ಮುಂದೆ ನಿಂತಾಗ, ಕೊಡಬೇಕಾದದ್ದನ್ನು ಕೊಟ್ಟು ಉಳಿದದ್ದಕ್ಕೆ ಮಾತ್ರ ತಕರಾರು ಎತ್ತಿದವರ ಮಾತಿಗೆ ತೂಕ ಹೆಚ್ಚು.

ಬಚ್ಚಲಿನ ನೀರು ಮೋರಿಯ ಕಡೆ ಹರಿಯದೆ ಬಾಗಿಲ ಬುಡದಲ್ಲೇ ನಿಲ್ಲುತ್ತಿದ್ದರೆ ಅದು ಕೆಲಸದ ಕೊರತೆ. ಅದನ್ನು ಹಣದ ಲೆಕ್ಕದ ಜೊತೆ ಕಲಸಬೇಡಿ, ಬೇರೆಯಾಗಿಯೇ ಬರೆಯಿರಿ. ಸರಿಪಡಿಸಿ ಕೊಡಲು ಅವನಿಗೆ ಒಂದು ಅವಕಾಶ, ಒಂದು ಗಡುವು ಕೊಡಿ. ಸರಿಮಾಡುವವರೆಗೆ ಅದಕ್ಕೆ ತಗಲುವಷ್ಟು ಹಣವನ್ನು ಮಾತ್ರ ಹಿಡಿದಿಟ್ಟುಕೊಂಡರೆ ಸಾಕು. ಮೊದಲ ದಿನವೇ ಬೇರೆ ಗೌಂಡಿಯನ್ನು ಕರೆಸಿ ಒಡೆಸಿಬಿಟ್ಟರೆ ಕೊರತೆಯ ಸಾಕ್ಷಿಯೂ ಕಲ್ಲುಮಣ್ಣಿನ ಜೊತೆ ಹೊರಗೆ ಹೋಗುತ್ತದೆ.

ಅಳತೆಯಲ್ಲಿ ಜಗಳ

ನನ್ನ ತಿಳುವಳಿಕೆಯಲ್ಲಿ ಬಿಲ್ಲಿನ ಜಗಳಗಳು ಹೆಚ್ಚಾಗಿ ಹುಟ್ಟುವುದು ದರದಿಂದಲ್ಲ, ಅಳತೆಯಿಂದ. ಚದರ ಅಡಿಗೆ ಇಷ್ಟು ಎಂದು ಎಲ್ಲರೂ ಚೌಕಾಸಿ ಮಾಡುತ್ತಾರೆ. ಎಷ್ಟು ಚದರ ಅಡಿ ಎಂದು ಮೊದಲೇ ಅಳೆದು ಬರೆದಿಡುವವರು ವಿರಳ. ಉಸುಕು, ಖಡಿ ಬ್ರಾಸ್ ಲೆಕ್ಕದಲ್ಲಿ ಬರುತ್ತವೆ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಟ್ರ್ಯಾಕ್ಟರಿನ ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ 100ರಿಂದ ಭಾಗಿಸಿದರೆ ನಿಮ್ಮ ಅಂಗಳದಲ್ಲಿ ಬಿದ್ದದ್ದು ಎಷ್ಟೆಂದು ತಿಳಿಯುತ್ತದೆ. ಹೈಸ್ಕೂಲಿಗೆ ಹೋಗುವ ಮಗಳು ಎರಡು ನಿಮಿಷದಲ್ಲಿ ಮಾಡುತ್ತಾಳೆ.

ಗಿಲಾವು ಮತ್ತು ಬಣ್ಣದಲ್ಲಿ ಬರುವ ಶಾಶ್ವತ ಪ್ರಶ್ನೆ ಬಾಗಿಲು, ಕಿಟಕಿಗಳದ್ದು. "ಬಾಗಿಲಿಗೆ ಗಿಲಾವು ಮಾಡಿಲ್ಲವಲ್ಲ, ಅದನ್ನೂ ಏಕೆ ಎಣಿಸಿದೆ?" ಎಂದು ನೀವು. "ಅಂಚು ಕೂಡಿಸೋದು ಅದಕ್ಕಿಂತ ಕಷ್ಟದ ಕೆಲಸರಿ" ಎಂದು ಅವನು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಕಟ್ಟಡ ಕೆಲಸದ ಅಳತೆಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 1200 ಎಂಬ ಮಾನಕ ಇದೆ. ಗಿಲಾವಿನ ಬಗ್ಗೆ ಅದು ಹೇಳುವುದು ಹೀಗೆ. ಅರ್ಧ ಚದರ ಮೀಟರಿಗಿಂತ, ಅಂದರೆ ಸುಮಾರು ಐದೂವರೆ ಚದರ ಅಡಿಗಿಂತ ಚಿಕ್ಕದಾದ ಕಿಂಡಿಗಳನ್ನು ಕಳೆಯಬೇಕಾಗಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರ್ ಅಂದರೆ ಸುಮಾರು 32 ಚದರ ಅಡಿಯವರೆಗಿನ ಬಾಗಿಲು, ಕಿಟಕಿಗಳಾದರೆ, ಗೋಡೆಯ ಎರಡೂ ಬದಿಗೆ ಒಂದೇ ಬಗೆಯ ಗಿಲಾವು ಆಗಿದ್ದಾಗ, ಒಂದು ಬದಿಯನ್ನು ಮಾತ್ರ ಕಳೆಯಬೇಕು. ಇನ್ನೊಂದು ಬದಿ ಅಂಚಿನ ಕೆಲಸಕ್ಕೆ ಸರಿಹೋಯಿತು. ಅದಕ್ಕಿಂತ ದೊಡ್ಡದಾದರೆ ಎರಡೂ ಬದಿ ಕಳೆದು, ಅಂಚುಗಳನ್ನು ಬೇರೆಯಾಗಿ ಅಳೆದು ಕೂಡಿಸಬೇಕು. ಮೂರೂವರೆ ಅಡಿ ಅಗಲ, ಏಳು ಅಡಿ ಎತ್ತರದ ನಮ್ಮ ಸಾಮಾನ್ಯ ಬಾಗಿಲು ಇಪ್ಪತ್ನಾಲ್ಕೂವರೆ ಚದರ ಅಡಿ. ಅದು ನಡುವಿನ ಲೆಕ್ಕಕ್ಕೆ ಬರುತ್ತದೆ. ಈ ಮಾನಕ ನಿಮ್ಮಿಬ್ಬರ ಮೇಲೆ ಕಡ್ಡಾಯವೇನಲ್ಲ, ಬೇರೆ ರೀತಿ ಮಾತಾಗಿದ್ದರೆ ಆ ಮಾತೇ ನಡೆಯುತ್ತದೆ. ಏನೂ ಮಾತಾಗದೆ ಜಗಳ ಬಂದಾಗ ನಡುವೆ ಕೂತವರಿಗೆ ಇದೊಂದು ಒಳ್ಳೆಯ ಅಳತೆಗೋಲು. ದರದ ಬಗ್ಗೆಯೂ ಹಾಗೆಯೇ, ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು ಯಾವ ಸಿವಿಲ್ ಇಂಜಿನಿಯರನ್ನು ಕೇಳಿದರೂ ತೋರಿಸುತ್ತಾರೆ. ಮೊತ್ತ ದೊಡ್ಡದಿದ್ದರೆ ಅವರಿಂದಲೇ ಅಳತೆ ಮಾಡಿಸಿ, ಸಹಿ ಹಾಕಿದ ವರದಿ ಪಡೆದಿಟ್ಟುಕೊಳ್ಳಿ.

ಬರೆದಿಡುವುದು ಅಪನಂಬಿಕೆಯೇ?

"ಹತ್ತು ವರ್ಷದ ಪರಿಚಯ, ಚೀಟಿ ಕೇಳಿದರೆ ಏನೆಂದುಕೊಂಡಾನು?" ಎಂಬ ಸಂಕೋಚ ನಮ್ಮಲ್ಲಿ ಬಹಳ. ಕುರ್‌ಆನಿನ ಅತಿ ದೀರ್ಘವಾದ ವಚನ (ಅಲ್ ಬಕರಃ 282) ಇರುವುದೇ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಎಂಬುದನ್ನು ನೆನಪಿಸಿಕೊಂಡರೆ ಈ ಸಂಕೋಚಕ್ಕೆ ಜಾಗ ಉಳಿಯದು. ಛಾಪಾ ಕಾಗದ, ವಕೀಲರು ಯಾವುದೂ ಬೇಡ. ಯಾವ ಕೆಲಸ, ಎಷ್ಟು ಅಳತೆ, ಯಾವ ದರ, ಸಾಮಗ್ರಿ ಯಾರದು, ಯಾವ ಕಂಪೆನಿಯ ಸಿಮೆಂಟು ಮತ್ತು ಪೈಪು, ಎಷ್ಟು ದಿನ, ಹಣ ಯಾವಾಗ ಎಷ್ಟು, ಹೆಚ್ಚಿನ ಕೆಲಸ ಬಂದರೆ ಮೊದಲು ದರ ಹೇಳಿ ಒಪ್ಪಿಗೆ ಪಡೆಯಬೇಕು - ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದರೆ ಆಯಿತು. ಸಹಿಗೆ ಒಪ್ಪದಿದ್ದರೆ ಅದನ್ನೇ ಮೊಬೈಲಿನಲ್ಲಿ ಟೈಪು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, "ಸರಿ ಇದೆಯಾ ಅಣ್ಣಾ?" ಎಂದು ಕೇಳಿ. "ಹೂಂ ಅಕ್ಕಾರ" ಎಂಬ ಉತ್ತರವೂ ಸಾಕ್ಷಿಯೇ. ಆ ಸಂದೇಶಗಳನ್ನು ಅಳಿಸಬೇಡಿ. ಹಣವನ್ನು ಆದಷ್ಟು ಫೋನಿನ ಮೂಲಕ ಇಲ್ಲವೇ ಬ್ಯಾಂಕಿನ ಮೂಲಕ ಕೊಡಿ. ಗೋಡೆಯೊಳಗೆ ಹೋಗುವ ಪೈಪು, ವೈರುಗಳನ್ನು ಮುಚ್ಚುವ ಮುನ್ನ ಫೋಟೊ ತೆಗೆಯಿರಿ.

ಬಿಲ್ಲು ಕೇಳುವುದು ನಿಮ್ಮ ಹಕ್ಕು. ಸೇವೆಗೆ ಬಿಲ್ಲು ಅಥವಾ ರಸೀದಿ ಕೊಡದಿರುವುದನ್ನು 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲೇ ಸೇರಿಸಿದೆ. ಬಿಲ್ಲಿನಲ್ಲಿ ಕೆಲಸ ಮಾಡಿದವರ ಹೆಸರು, ವಿಳಾಸ, ಕ್ರಮಸಂಖ್ಯೆ, ತಾರೀಖು, ನಿಮ್ಮ ಹೆಸರು, ಕೆಲಸದ ವಿವರ, ಸಹಿ ಇರಬೇಕೆಂದು 2020ರ ನಿಯಮಗಳು ಹೇಳುತ್ತವೆ. "ಬಿಲ್ಲು ಬೇಡಾದ್ರ ಕಡಿಮೆ ಮಾಡ್ತೀನ್ರಿ" ಎಂಬ ಮಾತಿಗೆ ಮರುಳಾದರೆ ಆಮೇಲೆ ತಕರಾರಿಗೆ ಆಧಾರವೇ ಇರುವುದಿಲ್ಲ. ಹಾಗೆಯೇ ಬಿಲ್ಲಿನಲ್ಲಿ ಜಿ.ಎಸ್.ಟಿ. ಸೇರಿಸಿದ್ದರೆ ಅವರ ನೋಂದಣಿ ಸಂಖ್ಯೆ ಎಲ್ಲಿ ಎಂದು ಕೇಳಿ. ನೋಂದಣಿ ಇಲ್ಲದವರು ಆ ತೆರಿಗೆಯನ್ನು ವಸೂಲಿ ಮಾಡುವಂತಿಲ್ಲ.

ಮಾತಿನಲ್ಲಿ ಮುಗಿಯದಿದ್ದರೆ

ಮೊದಲು ಒಂದು ಪತ್ರ. ಸೌಮ್ಯವಾಗಿರಲಿ, ಸ್ಪಷ್ಟವಾಗಿರಲಿ. ಹೀಗೆ ಬರೆಯಬಹುದು:

"ನಮ್ಮ ಮನೆಯ ಬಚ್ಚಲು ಮತ್ತು ಶೌಚಾಲಯದ ಕೆಲಸಕ್ಕೆ ತಾವು ಕೊಟ್ಟ 1,24,000 ರೂಪಾಯಿಗಳ ಬಿಲ್ಲು ತಲುಪಿದೆ. ಇದರಲ್ಲಿ 1,07,400 ರೂಪಾಯಿ ನಮಗೆ ಒಪ್ಪಿಗೆ ಇದೆ. ಈ ಮೊದಲು ಕೊಟ್ಟ 60,000 ಕಳೆದು ಬಾಕಿ 47,400ನ್ನು ಇಂದು ಪಾವತಿಸಿದ್ದೇವೆ. ಸಾಮಗ್ರಿ ದರದ 12,000 ನಮ್ಮ ಮಾತಿನಲ್ಲಿ ಇರಲಿಲ್ಲ. ಹೊರಗೋಡೆಯ ಅಳತೆ 210 ಚದರ ಅಡಿ ಇದೆ, ತಾವು ಬಂದು ಜಂಟಿಯಾಗಿ ಅಳೆಯಬಹುದು. 15 ದಿನಗಳಲ್ಲಿ ಉತ್ತರ ಕೊಡಬೇಕೆಂದು ವಿನಂತಿ."

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಹಳೆಯ ರಿಜಿಸ್ಟರ್ ಪೋಸ್ಟನ್ನು ಅಂಚೆ ಇಲಾಖೆ 2025ರಲ್ಲಿ ಸ್ಪೀಡ್ ಪೋಸ್ಟಿನೊಂದಿಗೆ ವಿಲೀನಗೊಳಿಸಿದೆ. ಅನೇಕ ತಕರಾರುಗಳು ಇಂಥ ಒಂದು ಪತ್ರದಲ್ಲೇ ಇತ್ಯರ್ಥವಾಗುತ್ತವೆ. ಓಣಿಯ ಹಿರಿಯರು ನಡುವೆ ಕೂತು ಬಗೆಹರಿಸಿದರೆ ಇನ್ನೂ ಒಳ್ಳೆಯದು. ಆದರೆ ಆದ ತೀರ್ಮಾನವನ್ನು ಬರೆದು ಇಬ್ಬರೂ ಸಹಿ ಮಾಡಬೇಕು. ಹಿರಿಯರು ಎದ್ದು ಹೋದ ಮೇಲೆ ಯಾರಿಗೂ ಅದು ಒಂದೇ ರೀತಿ ನೆನಪಿರುವುದಿಲ್ಲ.

"ಹಣ ಕೊಡದಿದ್ದರೆ ಹಚ್ಚಿದ ನಲ್ಲಿ ಕಿತ್ತುಕೊಂಡು ಹೋಗ್ತೀನಿ" ಎಂದು ಹೆದರಿಸುವವರಿದ್ದಾರೆ. ನಿಮ್ಮ ಒಪ್ಪಿಗೆಯಿಲ್ಲದೆ ಮನೆಯೊಳಗೆ ಬರುವ, ಜೋಡಿಸಿದ್ದನ್ನು ಕೀಳುವ ಹಕ್ಕು ಯಾರಿಗೂ ಇಲ್ಲ. ಬೆದರಿಕೆ ಮಿತಿಮೀರಿದರೆ 112ಕ್ಕೆ ಫೋನು ಮಾಡಿ. ಆದರೆ ನೀವು ರಿಪೇರಿಗೆಂದು ಅಂಗಡಿಗೆ ಒಯ್ದು ಕೊಟ್ಟ ಬೋರ್‌ವೆಲ್ ಮೋಟಾರು, ಮಿಕ್ಸರ್ ಇವುಗಳ ವಿಷಯ ಹಾಗಲ್ಲ. ಕರಾರು ಕಾಯ್ದೆಯ 170ನೆಯ ಕಲಮಿನಂತೆ, ಮಾಡಿದ ಕೆಲಸದ ನ್ಯಾಯವಾದ ಕೂಲಿ ಸಿಗುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿದೆ. ಬೇಸಿಗೆಯಲ್ಲಿ ನೀರಿಲ್ಲದೆ ಮೋಟಾರು ಬಿಡಿಸಿಕೊಳ್ಳಲೇಬೇಕಾದರೆ, ತಕರಾರು ಇಟ್ಟುಕೊಂಡು ಹಣ ಕೊಡುತ್ತಿದ್ದೇನೆ ಎಂದು ಬಿಲ್ಲಿನ ಮೇಲೆಯೇ ಬರೆದು ಫೋಟೊ ತೆಗೆದುಕೊಂಡು ಬಿಡಿಸಿಕೊಳ್ಳಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡವೂ ಸೇರಿ 17 ಭಾಷೆಗಳಲ್ಲಿ ಮಾತನಾಡಬಹುದು. ದೊಡ್ಡ ಕಂಪೆನಿಯ ಮೇಲಿನ ದೂರಾದರೆ ಅವರು ನೇರವಾಗಿ ಕಂಪೆನಿಗೆ ತಲುಪಿಸುತ್ತಾರೆ. ನಿಮ್ಮೂರಿನ ಗೌಂಡಿಯ ವಿಷಯದಲ್ಲಿ ಅವರಿಂದ ಹೆಚ್ಚಾಗಿ ಸಿಗುವುದು ಮಾರ್ಗದರ್ಶನವೇ.

ಅಲ್ಲಿಂದ ಮುಂದಿನ ಮೆಟ್ಟಿಲು ಬಾಗಲಕೋಟೆಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಮೊದಲು ಇದನ್ನು ವೇದಿಕೆ ಎನ್ನುತ್ತಿದ್ದರು. ನೀವು ಕೊಟ್ಟ ಹಣ 50 ಲಕ್ಷದೊಳಗಿದ್ದರೆ ದೂರು ಇಲ್ಲಿಗೇ ಬರುತ್ತದೆ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಗುತ್ತಿಗೆದಾರ ಹುಬ್ಬಳ್ಳಿಯವನಿರಲಿ, ವಿಜಯಪುರದವನಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇದು ಹಳೆಯ ಕಾಯ್ದೆಯಲ್ಲಿರಲಿಲ್ಲ, ಹೊಸದರ ದೊಡ್ಡ ಉಪಕಾರ. ವಕೀಲರು ಬೇಕೇಬೇಕೆಂದಿಲ್ಲ, ನೀವೇ ಮಾತನಾಡಬಹುದು. ಇ-ಜಾಗೃತಿ ಎಂಬ ಜಾಲತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ಮಕ್ಕಳನ್ನು ಬಿಟ್ಟು ಬಾಗಲಕೋಟೆಗೆ ಓಡಾಡುವುದು ಕಷ್ಟವಾದರೆ ವಿಡಿಯೋ ಮೂಲಕ ವಿಚಾರಣೆ ನಡೆಸಬೇಕೆಂದು ಅರ್ಜಿ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಕೊರತೆ ಸರಿಪಡಿಸಿ ಕೊಡಲು, ಹೆಚ್ಚು ಪಡೆದ ಹಣ ಮರಳಿಸಲು, ನಷ್ಟ ಭರಿಸಲು ಆಯೋಗ ಆದೇಶಿಸಬಹುದು. ಇಬ್ಬರೂ ಒಪ್ಪಿದರೆ ಮಧ್ಯಸ್ಥಿಕೆಗೂ ಕಳಿಸಬಹುದು. ಆದೇಶ ಪಾಲಿಸದವರಿಗೆ ಜೈಲು ಶಿಕ್ಷೆ ಅಥವಾ ಕನಿಷ್ಠ 25,000 ರೂಪಾಯಿ ದಂಡವಿದೆ.

ಸಾಮಗ್ರಿಯ ಪರೀಕ್ಷೆ ಬೇಕಿಲ್ಲದ ಪ್ರಕರಣಗಳನ್ನು ಮೂರು ತಿಂಗಳಲ್ಲಿ, ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಕಾಗದದ ಮೇಲಿನ ಈ ವೇಗ ಎಲ್ಲ ಕಡೆ ಕಾಣಸಿಗುವುದಿಲ್ಲ, ತಾಳ್ಮೆ ಬೇಕು. 16,600 ರೂಪಾಯಿಗಾಗಿ ಅಷ್ಟು ದೂರ ಹೋಗಬೇಕೇ ಎಂಬುದನ್ನು ನೀವೇ ನಿರ್ಧರಿಸಿ. ಹೋಗುವುದಾದರೆ ಎರಡು ವರ್ಷದ ಗಡುವನ್ನು ಮರೆಯಬೇಡಿ. ತಕರಾರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು.

ಅನೇಕ ಸಹೋದರಿಯರಿಗೆ ತಿಳಿಯದ ಇನ್ನೊಂದು ಬಾಗಿಲಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಅವರ ಆದಾಯ ಎಷ್ಟೆಂದು ನೋಡುವುದಿಲ್ಲ. ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಒಂದು ಅರ್ಜಿ ಬರೆದುಕೊಡಬಹುದು, 15100ಕ್ಕೆ ಫೋನು ಮಾಡಿಯೂ ಕೇಳಬಹುದು. ಮೊಕದ್ದಮೆ ಹೂಡುವ ಮುನ್ನವೇ ಲೋಕ ಅದಾಲತ್ತಿನಲ್ಲಿ ಇಬ್ಬರನ್ನೂ ಕೂರಿಸಿ ಮಾತನಾಡಿಸುತ್ತಾರೆ. ಅಲ್ಲಿ ರಾಜಿಯಾದರೆ ಅದಕ್ಕೆ ನ್ಯಾಯಾಲಯದ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ.

ನಿಮ್ಮ ಮನೆಯವರೇ ಗೌಂಡಿಯಾಗಿದ್ದರೆ?

ಇದನ್ನು ಓದುತ್ತಿರುವವರಲ್ಲಿ ಗೌಂಡಿಯ, ಪೇಂಟರ್‌ನ, ಪ್ಲಂಬರ್‌ನ, ಬಡಗಿಯ ಮನೆಯವರೂ ಇದ್ದೀರಿ. "ಎಲ್ಲರೂ ನಮ್ಮನ್ನೇ ಮೋಸಗಾರರೆನ್ನುತ್ತಾರೆ, ಕೆಲಸ ಮಾಡಿಸಿಕೊಂಡು ಹಣ ಕೊಡದವರನ್ನು ಕೇಳುವವರಾರು?" ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಕೆಲಸ ಮಾಡಿದವರು ಬಾಕಿಗಾಗಿ ಗ್ರಾಹಕ ಆಯೋಗಕ್ಕೆ ಹೋಗುವಂತಿಲ್ಲ. ಅವರು ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಕೆಲಸ ಮುಗಿದ ಮೂರು ವರ್ಷದೊಳಗೆ ದಾವೆ ಹೂಡಬೇಕೆಂದು 1963ರ ಕಾಲಮಿತಿ ಕಾಯ್ದೆ ಹೇಳುತ್ತದೆ. ಮೇಲೆ ಹೇಳಿದ ಲೋಕ ಅದಾಲತ್ತು ಅವರಿಗೂ ಅಷ್ಟೇ ತೆರೆದಿದೆ. ಅಲ್ಲಿಯೂ ಮೊದಲು ಕೇಳುವುದು ಚೀಟಿ, ಅಳತೆ, ಸಹಿಗಳನ್ನೇ. ಲೆಕ್ಕ ಬರೆಯಲು ಅವರಿಗೆ ಪುರುಸೊತ್ತಿಲ್ಲದಿದ್ದರೆ ರಾತ್ರಿ ಊಟವಾದ ಮೇಲೆ ನೀವು ಕೂತು ಬರೆಯಿರಿ. ಇಂದು ಯಾವ ಮನೆ, ಎಷ್ಟು ಅಡಿ ಆಯಿತು, ಮನೆಯಾಕೆ ಹೆಚ್ಚಿಗೆ ಏನು ಹೇಳಿದರು, ಎಷ್ಟು ಹಣ ಬಂತು ಎಂದು ಕೇಳಿ ಬರೆದಿಡಿ. ಹೆಚ್ಚಿನ ಕೆಲಸದ ಮಾತು ಬಂದ ದಿನವೇ ಅವರ ಫೋನಿನಿಂದ ಮನೆಯವರಿಗೆ ದರದ ಸಂದೇಶ ಹೋಗಲಿ.

ಕೊನೆಯದಾಗಿ ಮಾಳಿಗೆಯ ಸೋರಿಕೆಯ ಕೆಲಸದ ಬಗ್ಗೆ ಒಂದು ಮಾತು. ವಾಟರ್‌ಪ್ರೂಫಿಂಗ್ ಮಾಡುವವರು "ಐದು ವರ್ಷ ಗ್ಯಾರಂಟಿ" ಎಂದು ಬಾಯಿಮಾತಿನಲ್ಲಿ ಹೇಳಿ ಹೋಗುತ್ತಾರೆ. ಬೇಸಿಗೆಯಲ್ಲಿ ಮಾಡಿಸಿದ ಈ ಕೆಲಸದ ಗುಣ ತಿಳಿಯುವುದು ಮಳೆಗಾಲದಲ್ಲಿ. ಗ್ಯಾರಂಟಿಯ ಅವಧಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳದೆ ಕೊನೆಯ ಕಂತು ಕೊಡಬೇಡಿ. ಮೊದಲ ಮಳೆಗೆ ಸೋರಿದರೆ ಅದೇ ದಿನ ತಾರೀಖು ಕಾಣುವಂತೆ ಫೋಟೊ ತೆಗೆದು ಅವರಿಗೆ ಕಳಿಸಿ.